ಮೊದಲು ಬಿಡು, ಆಮೇಲೆ ಬಾ

ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೋ ಇಂದಿನವರಿಗೆ ಮುಂಜಾನೆ ನಡೆದಾಡುವ ಬಯಲು, ಹಳೆಯ ಮರಗಳ ನೆರಳು. ಆ ಹೆಸರು ಬಂದದ್ದು ಸಿಡುಬಿನ ಲಸಿಕೆಯಿಂದ. 20ನೇ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿ ಪ್ರಾಂತದ ಲಸಿಕೆ ಸಂಸ್ಥೆ ಇಲ್ಲಿತ್ತು. ಕರುಗಳ ಮೈಮೇಲೆ ಬೆಳೆಸಿದ ಲಸಿಕೆಯ ರಸ ಇಲ್ಲಿಂದ ಊರೂರಿಗೆ ಹೋಗುತ್ತಿತ್ತು. ಮುಂದೆ ಸಿಡುಬು ನಿರ್ಮೂಲನೆಯ ಕಾಲದಲ್ಲಿ, ಬಿಸಿಲಿಗೆ ಕೆಡದಂತೆ ಒಣಗಿಸಿದ ಲಸಿಕೆಯನ್ನು ದೇಶದ ನಾಲ್ಕು ಕಡೆ ತಯಾರಿಸಿದರು: ಪಟವಾಡಂಗರ್, ಮದ್ರಾಸಿನ ಗಿಂಡಿ, ಹೈದರಾಬಾದ್ ಮತ್ತು ಬೆಳಗಾವಿ. ಎಡ್ವರ್ಡ್ ಜೆನ್ನರ್ ಲಸಿಕೆಯನ್ನು ಪರೀಕ್ಷಿಸಿದ್ದು 1796ರಲ್ಲಿ. ಭಾರತದಲ್ಲಿ ಮೊದಲು ಚುಚ್ಚಿಸಿಕೊಂಡದ್ದು ಮುಂಬಯಿಯ ಮೂರು ವರ್ಷದ ಆ್ಯನಾ ಡಸ್ಟಾಲ್ ಎಂಬ ಮಗು, 1802ರ ಜೂನ್ 14ರಂದು. ಈ ನೆಲದಲ್ಲಿ ಸಿಡುಬು ಕೊನೆಗೊಂಡದ್ದು 1975ರಲ್ಲಿ. ಲಸಿಕೆ ಬಂದ ದಿನಕ್ಕೂ ಅದು ಕೊನೆಯ ಮನೆ ಮುಟ್ಟಿದ ದಿನಕ್ಕೂ ನಡುವೆ 170ಕ್ಕೂ ಹೆಚ್ಚು ವರ್ಷ ಕಳೆದವು.

ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಕಾಯಿಲೆಯ ಮದ್ದಿಗೂ ಅಂಥದೊಂದು ನಡುಗಾಲವಿದೆ. ವರ್ಷಗಳ ಲೆಕ್ಕದಲ್ಲಿ ಅದು ಚಿಕ್ಕದು. ಆದರೆ ಆ ಕಾಲದಲ್ಲಿ ಯಾರನ್ನು ಹೊರಗೆ ನಿಲ್ಲಿಸಿದರು, ಏನು ಹೇಳಿ ನಿಲ್ಲಿಸಿದರು, ಆ ಬಾಗಿಲನ್ನು ಯಾರು ತೆರೆದರು ಎಂಬುದನ್ನು ಬರೆದಿಡಬೇಕು. ಏಕೆಂದರೆ ಹೊರಗೆ ನಿಂತವರಲ್ಲಿ ಹೆಚ್ಚಿನವರು ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುತ್ತಿದ್ದ ಎಳೆಯರು, ಮತ್ತು ಅವರಲ್ಲಿ ಅನೇಕರು ಮದ್ದು ಬರುವ ಮೊದಲೇ ತೀರಿಹೋದರು.

ಯಕೃತ್ತಿನ ಕಾಯಿಲೆ ನಮ್ಮ ಕಡೆಗೆ ಹೊಸದಲ್ಲ. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ, ಬೆಳಗಾವಿಯ ಹಳೆಯ ಓಣಿಗಳಲ್ಲಿ ಕಾಮಣಿ ಎಂದರೆ ಎಲ್ಲರಿಗೂ ಗೊತ್ತು. ಕಣ್ಣು ಹಳದಿಯಾದರೆ ಬೇರು ಅರೆದು ಕೊಡುವವರ ಮನೆಗೆ ಹೋಗುವುದು, ಪಥ್ಯ ಹಿಡಿಯುವುದು, ಕೆಲವೆಡೆ ಚುಟಿಗೆ ಹಾಕಿಸುವುದು ತಲೆಮಾರುಗಳಿಂದ ಬಂದ ರೂಢಿ. ನೆಲನೆಲ್ಲಿಗೆ ಅದರಲ್ಲಿ ದೊಡ್ಡ ಸ್ಥಾನ. ಅದನ್ನು ವಿಜ್ಞಾನ ಕಡೆಗಣಿಸಲೂ ಇಲ್ಲ. ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಮತ್ತು ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಜೊತೆಗೂಡಿ ಬಿ ವೈರಸ್ ಹೊತ್ತವರಿಗೆ ನೆಲನೆಲ್ಲಿ ಕೊಟ್ಟು ನೋಡಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಫಲಿತಾಂಶ ಜಗತ್ತಿನ ಕಣ್ಣು ಅರಳಿಸಿತು. ಬೇರೆ ಕಡೆ ಮತ್ತೆ ಮಾಡಿ ನೋಡಿದಾಗ ಅಷ್ಟು ಗುಣ ಕಾಣಿಸಲಿಲ್ಲ. ಪಾರಂಪರಿಕ ವೈದ್ಯವನ್ನು ಪರೀಕ್ಷೆಗೆ ಒಡ್ಡುವ ಕೆಲಸಕ್ಕೆಂದೇ 2006ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೆಳಗಾವಿಯಲ್ಲಿ ಕೇಂದ್ರವೊಂದನ್ನು ತೆರೆಯಿತು. ಅದೇ ಇಂದಿನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ.

ಊರಿನವರು ಕಾಮಣಿ ಎಂದು ಕರೆಯುವುದರಲ್ಲಿ ಹೆಚ್ಚಿನದು ಕೆಟ್ಟ ನೀರಿನಿಂದ ಬರುವ ಎ ಮತ್ತು ಇ ವೈರಸ್ಸಿನ ಕೆಲಸ. ಅದು ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ, ಬೇರು ಕೊಟ್ಟವರಿಗೆ ಹೆಸರು ಬರುತ್ತದೆ. ಹೆಪಟೈಟಿಸ್ ಸಿ ಹಾಗಲ್ಲ. ಅದು ರಕ್ತದಿಂದ ರಕ್ತಕ್ಕೆ ದಾಟುತ್ತದೆ. ಹೆಚ್ಚಿನವರಲ್ಲಿ ಕಣ್ಣು ಹಳದಿಯಾಗುವುದೇ ಇಲ್ಲ. ಸೋಂಕು ತಗುಲಿದ ನಾಲ್ವರಲ್ಲಿ ಸುಮಾರು ಒಬ್ಬರ ಮೈ ಅದನ್ನು ತಾನೇ ಓಡಿಸುತ್ತದೆ. ಉಳಿದವರಲ್ಲಿ ಅದು 20-30 ವರ್ಷ ಸದ್ದಿಲ್ಲದೆ ಯಕೃತ್ತನ್ನು ತಿನ್ನುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿಯಾಗಿ ಆಸ್ಪತ್ರೆಗೆ ಬರುವಾಗ ಹೊತ್ತು ಮೀರಿರುತ್ತದೆ.

1970ರ ದಶಕದಲ್ಲಿ ಅಮೆರಿಕದ ಹಾರ್ವೆ ಆಲ್ಟರ್, ರಕ್ತ ಪಡೆದ ರೋಗಿಗಳಲ್ಲಿ ಕಾಣುತ್ತಿದ್ದ ಒಂದು ಹೆಪಟೈಟಿಸ್ ಎ ಕೂಡ ಅಲ್ಲ, ಬಿ ಕೂಡ ಅಲ್ಲ ಎಂದು ತೋರಿಸಿದರು. ಹೆಸರಿಡಲೂ ಆಗದೆ ಅದನ್ನು ‘ಎ ಅಲ್ಲದ, ಬಿ ಅಲ್ಲದ’ ಕಾಯಿಲೆ ಎಂದೇ ಕರೆಯುತ್ತಿದ್ದರು. 1989ರಲ್ಲಿ ಕೈರಾನ್ ಕಂಪನಿಯ ಮೈಕೆಲ್ ಹಾಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೋ ಮತ್ತು ಜೊತೆಗಾರರು ವೈರಸ್ಸಿನ ಗುರುತು ಹಿಡಿದರು. ಇಡೀ ವೈರಸ್ಸನ್ನು ಕಣ್ಣಾರೆ ಕಾಣುವ ಮೊದಲೇ ಅದರ ಜೀನಿನ ಚೂರೊಂದನ್ನು ಹಿಡಿದು ಮಾಡಿದ ಶೋಧ ಅದು. ಆಲ್ಟರ್, ಹಾಟನ್ ಮತ್ತು ಚಾರ್ಲ್ಸ್ ರೈಸ್ 2020ರಲ್ಲಿ ನೊಬೆಲ್ ಪಡೆದರು.

ವೈರಸ್ಸಿನ ಹೆಸರು ತಿಳಿದ ಮೇಲೆ ಮೊದಲು ಶುದ್ಧವಾದದ್ದು ರಕ್ತನಿಧಿ. ನಮ್ಮಲ್ಲಿ ದುಡ್ಡಿಗೆ ರಕ್ತ ಮಾರುವವರು ಆಸ್ಪತ್ರೆಗಳ ಹೊರಗೆ ಸಾಲು ನಿಲ್ಲುತ್ತಿದ್ದ ಕಾಲವಿತ್ತು. ಕಾಮನ್ ಕಾಸ್ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ಕೊಟ್ಟ ತೀರ್ಪಿನ ಫಲವಾಗಿ 1998ರಿಂದ ಆ ವ್ಯಾಪಾರಕ್ಕೆ ನಿಷೇಧ ಬಂತು. ದಾನದ ಪ್ರತಿ ಬಾಟಲಿಯನ್ನೂ ಸಿ ವೈರಸ್ಸಿಗೆ ಪರೀಕ್ಷಿಸುವುದು 2001ರಿಂದ ಕಡ್ಡಾಯವಾಯಿತು. ರಕ್ತ ಪಡೆಯುವ ರೋಗಿಯ ಬಗ್ಗೆ ಸಮಾಜಕ್ಕೆ ಕನಿಕರವಿತ್ತು, ಆದ್ದರಿಂದ ಆ ಬಾಗಿಲು ಬೇಗ ಭದ್ರವಾಯಿತು. ಸೂಜಿ ಹಂಚಿಕೊಳ್ಳುವವನ ವಿಷಯದಲ್ಲಿ ಆ ಕನಿಕರ ಇರಲಿಲ್ಲ.

ಅವನ ಕತೆ ಮಣಿಪುರದಲ್ಲಿ ತೊಡಗುತ್ತದೆ. 1980ರ ದಶಕದ ಆರಂಭದಲ್ಲಿ ಬರ್ಮಾ ಗಡಿಯ ಮೋರೆ ಪಟ್ಟಣದ ಮೂಲಕ ‘ನಂಬರ್ ಫೋರ್’ ಎಂಬ ಬಿಳಿ ಹೆರಾಯಿನ್ ಇಂಫಾಲಕ್ಕೆ ಇಳಿಯಿತು. ಶಾಲೆ ಕಾಲೇಜು ಕಲಿಯುವ ಹುಡುಗರ ಕೈಗೆ ಅದು ಸುಲಭವಾಗಿ ಸಿಕ್ಕಿತು. ಸಿರಿಂಜು ಸಿಗುವುದೇ ಕಷ್ಟವಾಗಿತ್ತು. ಪೊಲೀಸರಿಗೆ ಜೇಬಿನಲ್ಲಿ ಸೂಜಿ ಸಿಕ್ಕರೆ ಅದೇ ಸಾಕ್ಷಿ. ಹೀಗಾಗಿ ಒಂದೇ ಸಿರಿಂಜು ಹಲವು ತೋಳುಗಳಿಗೆ ಹೋಗುತ್ತಿತ್ತು. 1985ರ ನವೆಂಬರಿನಲ್ಲಿ ಜಾರಿಗೆ ಬಂದ ಮಾದಕ ವಸ್ತು ತಡೆ ಕಾಯ್ದೆ ಸೇವಿಸುವವನನ್ನೂ ಅಪರಾಧಿಯೆಂದೇ ಕಂಡಿತು. ಮಕ್ಕಳನ್ನು ಮನೆಯವರೇ ಪೊಲೀಸರಿಗೆ ಒಪ್ಪಿಸಿದರು, ಚಟ ಬಿಡಿಸಲು ಬೇರೆ ದಾರಿಯೇ ಕಾಣಲಿಲ್ಲ. ಇಂಫಾಲದ ಜೈಲಿನಲ್ಲಿ ಅಪರಾಧಿಗಳ ನಡುವೆ ಈ ಹುಡುಗರು ತುಂಬಿದರು. ಕೆಲವರನ್ನು ಸಂಕೋಲೆ ಹಾಕಿ ಕೂಡಿಹಾಕಿದ್ದ ಖಾಸಗಿ ‘ಕೇಂದ್ರ’ಗಳೂ ಇದ್ದವು.

1989-90ರಲ್ಲಿ ಆ ಹುಡುಗರ ರಕ್ತದಲ್ಲಿ ಎಚ್‌ಐವಿ ಕಂಡಿತು. ಕೆಲವೇ ತಿಂಗಳಲ್ಲಿ ಪರೀಕ್ಷೆಗೊಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಹಬ್ಬಿತ್ತು. ಸೂಜಿಯಲ್ಲಿ ಎಚ್‌ಐವಿಗಿಂತ ಸಿ ವೈರಸ್ ಗಟ್ಟಿ. ಸಿರಿಂಜಿನಲ್ಲಿ ಉಳಿದ ರಕ್ತದಲ್ಲಿ ಅದು ವಾರಗಟ್ಟಲೆ ಬದುಕಿರಬಲ್ಲದೆಂದು ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದಾರೆ. ಸೂಜಿಯೊಂದೇ ಅಲ್ಲ, ಪುಡಿ ಕಲಸುವ ಚಮಚ, ಸೋಸುವ ಹತ್ತಿ, ತೊಳೆಯುವ ನೀರು ಎಲ್ಲವೂ ಅದಕ್ಕೆ ದಾರಿ. ಎಚ್‌ಐವಿ ಹೊಕ್ಕ ಸೂಜಿಯ ದಾರಿಯಲ್ಲೇ ಸಿ ಕೂಡ ಹೊಕ್ಕಿತ್ತು. ಅದನ್ನು ಯಾರೂ ಹುಡುಕಿರಲಿಲ್ಲ ಅಷ್ಟೇ.

ಆಗ ಮುಂದೆ ಬಂದದ್ದು ಸರಕಾರವಲ್ಲ. ಹಿಂದೆ ಸೂಜಿ ಚುಚ್ಚಿಕೊಂಡಿದ್ದ ಗೆಳೆಯರ ಗುಂಪೊಂದು 1991ರಲ್ಲಿ ಇಂಫಾಲದಲ್ಲಿ ಸಾಸೋ ಎಂಬ ಸಂಸ್ಥೆ ಕಟ್ಟಿತು. ಚುರಾಚಾಂದಪುರದಲ್ಲಿ ಶಾಲೋಮ್ ಎಂಬ ಸಂಸ್ಥೆ 1990ರ ದಶಕದ ಮಧ್ಯದಲ್ಲಿ ಹೊಸ ಸೂಜಿ ಕೊಟ್ಟು ಹಳೆಯದನ್ನು ತೆಗೆದುಕೊಳ್ಳುವ ಕೆಲಸ ಹಿಡಿಯಿತು. ಭಾರತದಲ್ಲಿ ಅಂಥ ಮೊದಲ ಯತ್ನಗಳಲ್ಲಿ ಅದೂ ಒಂದು. ‘ಚಟಕ್ಕೆ ನೀವೇ ಸೂಜಿ ಕೊಡುತ್ತೀರಾ’ ಎಂಬ ಬೈಗುಳಕ್ಕೆ ಇವರು ಕೊಟ್ಟ ಉತ್ತರ ಸರಳ: ಇಂದು ರಾತ್ರಿ ಅವನು ಚುಚ್ಚಿಕೊಳ್ಳುವುದು ನಿಲ್ಲದು, ಆದರೆ ನಾಳೆಯವರೆಗೆ ಅವನು ಬದುಕಿದ್ದರೆ ಮಾತಾಡಬಹುದು. 1996ರಲ್ಲಿ ಮಣಿಪುರ ಸರಕಾರ ತನ್ನ ಏಡ್ಸ್ ನೀತಿಯಲ್ಲಿ ಈ ದಾರಿಯನ್ನು ಒಪ್ಪಿಕೊಂಡಿತು. ದೆಹಲಿಯಲ್ಲಿ ಶರಣ್ ಎಂಬ ಸಂಸ್ಥೆ ನಾಲಿಗೆಯ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟು ಸೂಜಿಯ ಹಂಬಲ ತಗ್ಗಿಸತೊಡಗಿತು. ಹತ್ತಾರು ವರ್ಷ ಕಳೆದ ಮೇಲೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಅದನ್ನೇ ತನ್ನ ಕಾರ್ಯಕ್ರಮವಾಗಿ ಮಾಡಿಕೊಂಡಿತು. 2017ರ ಎಚ್‌ಐವಿ ಕಾಯ್ದೆಯ 22ನೇ ಕಲಮು ಸೂಜಿ ವಿನಿಮಯದಂಥ ಕೆಲಸಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. ಅಪರಾಧವೆನಿಸಿದ್ದು ಆರೋಗ್ಯಸೇವೆ ಎನಿಸಿಕೊಳ್ಳಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

2004ರ ಏಪ್ರಿಲಿನಲ್ಲಿ ಸರಕಾರ ಎಚ್‌ಐವಿ ಔಷಧಿಯನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಮೊದಲ ಕೇಂದ್ರಗಳಲ್ಲಿ ಇಂಫಾಲವೂ ಇತ್ತು, ಬೆಂಗಳೂರೂ ಇತ್ತು. ಮಣಿಪುರದಲ್ಲಿ ಸಾಯಬೇಕಿದ್ದವರು ಎದ್ದು ಕೂತರು. ಕೆಲವು ವರ್ಷ ಕಳೆಯುವಷ್ಟರಲ್ಲಿ ಅವರೇ ಯಕೃತ್ತು ಕೆಟ್ಟು ಸಾಯತೊಡಗಿದರು. ಒಂದು ವೈರಸ್ಸಿನಿಂದ ಉಳಿಸಿದವರನ್ನು ಇನ್ನೊಂದು ಕೊಂಡೊಯ್ಯಿತು. ಈ ಘಟ್ಟ ಬರೆಯುವಾಗ ಕೈ ಭಾರವಾಗುತ್ತದೆ. ಎರಡನೆಯ ವೈರಸ್ಸಿಗೂ ಮದ್ದು ಇತ್ತು, ಅವರಿಗೆ ಇರಲಿಲ್ಲ.

ಆ ಮದ್ದು ಇಂಟರ್‌ಫೆರಾನ್. ವಾರಕ್ಕೊಂದು ಚುಚ್ಚುಮದ್ದು, ಜೊತೆಗೆ ದಿನವೂ ರಿಬಾವಿರಿನ್ ಗುಳಿಗೆ. ವೈರಸ್ಸಿನ ಜಾತಿ ನೋಡಿ 24 ವಾರ ಅಥವಾ 48 ವಾರ. ಚುಚ್ಚಿದ ದಿನ ಜ್ವರ, ನಡುಕ, ಮೈಕೈ ನೋವು. ಕೂದಲು ಉದುರುವುದು, ರಕ್ತ ಇಳಿಯುವುದು, ಮನಸ್ಸು ಕುಗ್ಗಿ ಬದುಕೇ ಬೇಡವೆನಿಸುವುದು. ಇಷ್ಟು ಪಟ್ಟರೂ ಗುಣ ಖಚಿತವಲ್ಲ. ಖರ್ಚು ಲಕ್ಷಗಟ್ಟಲೆ. ಮಣಿಪುರದಲ್ಲಿ ಗದ್ದೆ ಮಾರಿ ಮಗನಿಗೆ ಇಂಟರ್‌ಫೆರಾನ್ ಕೊಡಿಸಿದ ಮನೆಗಳಿದ್ದವು. ಮಾರಲು ಗದ್ದೆ ಇಲ್ಲದವರು ಕಾದು ಕೂತರು.

ದುಡ್ಡಿನ ತಡೆಗಿಂತ ದೊಡ್ಡದು ಇನ್ನೊಂದಿತ್ತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಜ್ಞರ ಸಭೆ ಒಂದು ನಿಯಮ ಹೇಳಿತು: ಮಾದಕ ವಸ್ತು ಬಿಟ್ಟು ಆರು ತಿಂಗಳಾದರೂ ಆಗುವವರೆಗೆ ಹೆಪಟೈಟಿಸ್ ಸಿ ಚಿಕಿತ್ಸೆ ಮುಂದೂಡಬೇಕು. ಆ ಮಾತು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ರೂಢಿಯಾಯಿತು. ‘ಮೊದಲು ಬಿಡು, ಆಮೇಲೆ ಬಾ.’ ಮಾತ್ರೆ ಸರಿಯಾಗಿ ನುಂಗುವುದಿಲ್ಲ, ಗುಣವಾದರೂ ಮತ್ತೆ ಸೋಂಕು ತಂದುಕೊಳ್ಳುತ್ತಾನೆ, ಮನಸ್ಸು ಮೊದಲೇ ಕುಗ್ಗಿದೆ ಎಂಬುವು ಅದರ ಹಿಂದಿನ ಕಾರಣಗಳು. 2001ರಲ್ಲಿ ಬ್ರಯಾನ್ ಎಡ್ಲಿನ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಈ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಮಾತ್ರೆ ತಪ್ಪಿಸುವುದು ಸೂಜಿಯವರ ಗುಣವೊಂದೇ ಅಲ್ಲ, ದೀರ್ಘಕಾಲದ ಕಾಯಿಲೆಯ ರೋಗಿಗಳೆಲ್ಲರೂ ತಪ್ಪಿಸುತ್ತಾರೆ, ಅದಕ್ಕಾಗಿ ಯಾರೂ ಅವರಿಗೆ ಮದ್ದು ನಿರಾಕರಿಸುವುದಿಲ್ಲ ಎಂದರು. ಮರುವರ್ಷ ಅದೇ ಅಮೆರಿಕನ್ ತಜ್ಞಸಭೆ ತನ್ನ ಮಾತನ್ನು ತಿದ್ದಿಕೊಂಡಿತು. ಕಾಗದದ ಮೇಲೆ ನಿಯಮ ಹೋಯಿತು, ಹೊರರೋಗಿ ವಿಭಾಗದ ಕುರ್ಚಿಯಲ್ಲಿ ಅದು ಇನ್ನೂ ಬಹಳ ವರ್ಷ ಕೂತಿತ್ತು.

ನನ್ನ ಮಟ್ಟಿಗೆ ಆ ನಿಯಮದ ದೊಡ್ಡ ತಪ್ಪು ಇಲ್ಲಿದೆ. ಸೋಂಕನ್ನು ಮುಂದಕ್ಕೆ ಹರಡುತ್ತಿರುವವನು ಇಂದು ಸೂಜಿ ಹಿಡಿದವನು. ಅವನನ್ನು ಗುಣಪಡಿಸಿದರೆ ಅವನ ಜೊತೆ ಕೂರುವ ನಾಲ್ವರು ಉಳಿಯುತ್ತಾರೆ. ಅವನನ್ನೇ ಹೊರಗಿಟ್ಟು, ಬಿಟ್ಟು ಹತ್ತು ವರ್ಷವಾದವನಿಗೆ ಮಾತ್ರ ಮದ್ದು ಕೊಟ್ಟರೆ ಬೆಂಕಿ ಉರಿಯುವ ಮನೆ ಬಿಟ್ಟು ಆರಿದ ಮನೆಗೆ ನೀರು ಸುರಿದಂತೆ.

ಇದೇ ಕಾಲಕ್ಕೆ ಬೆಳಗಾವಿ ಜಿಲ್ಲೆ ಹೊರಗಿಟ್ಟವರನ್ನು ಒಳಗೆ ಕರೆಯುವ ಅದೇ ಪಾಠವನ್ನು ಬೇರೊಂದು ರೀತಿಯಲ್ಲಿ ಕಲಿಯುತ್ತಿತ್ತು. 2000ದ ದಶಕದ ಆರಂಭದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ರಾಜ್ಯದಲ್ಲೇ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿದ್ದವು. ಇಲ್ಲಿ ದಾರಿ ಸೂಜಿಯಲ್ಲ, ಲೈಂಗಿಕ ಸಂಪರ್ಕ. ಆಸ್ಪತ್ರೆಗೆ ಬರಲು ಹೆದರುತ್ತಿದ್ದವರು ದೇವದಾಸಿ ಹೆಣ್ಣುಮಕ್ಕಳು, ಅವರ ಮನೆಯವರು. 1997ರಲ್ಲಿ ಘಟಪ್ರಭಾದಲ್ಲಿ ಆ ಹೆಣ್ಣುಮಕ್ಕಳೇ ಸೇರಿ ಮಾಸ್ ಎಂಬ ಮಹಿಳಾ ಸಂಸ್ಥೆಯನ್ನು ನಡೆಸತೊಡಗಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. 2003ರಿಂದ ಗೇಟ್ಸ್ ಪ್ರತಿಷ್ಠಾನದ ಆವಾಹನ್ ಯೋಜನೆ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಬಂದಾಗಲೂ ಓಣಿ ಓಣಿ ತಿರುಗಿ ಕಾಂಡೋಮ್ ಹಂಚಿದವರು, ಪರೀಕ್ಷೆಗೆ ಕೈ ಹಿಡಿದು ಕರೆತಂದವರು ಅದೇ ಸಮುದಾಯದ ‘ಪೀರ್’ ಹೆಣ್ಣುಮಕ್ಕಳು. ಬಿಳಿ ಕೋಟಿನವರು ಹೇಳಿದರೆ ಹೆದರಿ ಹಿಂದೆ ಸರಿಯುತ್ತಿದ್ದವರು, ಈ ಹೆಣ್ಣುಮಕ್ಕಳು ‘ನಾನೂ ಹೋಗೀನಿ, ಬಾ ಅಕ್ಕಾ’ ಎಂದಾಗ ಬಂದರು. ಇಂಫಾಲದ ಸಾಸೋ ಮಾಡಿದ್ದೂ, ಘಟಪ್ರಭಾದ ಹೆಣ್ಣುಮಕ್ಕಳು ಮಾಡಿದ್ದೂ ಒಂದೇ ಕೆಲಸ. ಅದಕ್ಕೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

2013ರ ಡಿಸೆಂಬರಿನಲ್ಲಿ ಆಟ ಬದಲಾಯಿತು. ಅಮೆರಿಕದಲ್ಲಿ ಸೊಫೋಸ್‌ಬುವಿರ್ ಎಂಬ ಗುಳಿಗೆಗೆ ಒಪ್ಪಿಗೆ ಸಿಕ್ಕಿತು. ದಿನಕ್ಕೊಂದು ಗುಳಿಗೆ, 12 ವಾರ, ಒಟ್ಟು 84. ಇನ್ನೊಂದು ಗುಳಿಗೆಯ ಜೊತೆಗೂಡಿಸಿದರೆ ಚುಚ್ಚುಮದ್ದೇ ಬೇಡ, ಹತ್ತರಲ್ಲಿ ಒಂಬತ್ತು ಮಂದಿ ಪೂರ್ತಿ ಗುಣ. ವೈದ್ಯಶಾಸ್ತ್ರದಲ್ಲಿ ವೈರಸ್ಸಿನ ದೀರ್ಘಕಾಲದ ಕಾಯಿಲೆಯೊಂದನ್ನು ಗುಳಿಗೆಯಿಂದ ಹೀಗೆ ಬೇರುಸಹಿತ ಕಿತ್ತದ್ದು ಇದೇ ಮೊದಲು. ಗಿಲಿಯಡ್ ಕಂಪನಿ ಅದಕ್ಕೆ ಇಟ್ಟ ಬೆಲೆ 84,000 ಡಾಲರ್, ಗುಳಿಗೆಗೆ ಸಾವಿರ ಡಾಲರ್. ಆಗಿನ ವಿನಿಮಯ ದರದಲ್ಲಿ ಒಬ್ಬ ರೋಗಿಗೆ ಸುಮಾರು 50 ಲಕ್ಷ ರೂಪಾಯಿ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಆ್ಯಂಡ್ರೂ ಹಿಲ್ ಮತ್ತು ಜೊತೆಗಾರರು ಕಚ್ಚಾ ಸಾಮಗ್ರಿಯ ಲೆಕ್ಕ ಹಾಕಿ, 12 ವಾರದ ಔಷಧಿಯನ್ನು 68ರಿಂದ 136 ಡಾಲರಿಗೆ ತಯಾರಿಸಬಹುದೆಂದು ತೋರಿಸಿದರು.

ಈ ಅಂತರದ ವಿರುದ್ಧ ಮೊದಲು ಕಾಗದ ಹಿಡಿದು ನಿಂತವರಲ್ಲಿ ರೋಗಿಗಳೇ ಇದ್ದರು. ಎಚ್‌ಐವಿ ಇರುವವರ ಸಂಘಟನೆಯಾದ ದೆಹಲಿ ನೆಟ್‌ವರ್ಕ್ ಆಫ್ ಪಾಸಿಟಿವ್ ಪೀಪಲ್, ಐ-ಮ್ಯಾಕ್ ಎಂಬ ಕಾನೂನು ಗುಂಪಿನ ಜೊತೆ ಸೇರಿ ಭಾರತದ ಪೇಟೆಂಟ್ ಕಚೇರಿಯಲ್ಲಿ ತಕರಾರು ಹಾಕಿತು. ಹೈದರಾಬಾದಿನ ನ್ಯಾಟ್ಕೋ ಕಂಪನಿಯೂ ತಕರಾರು ಸಲ್ಲಿಸಿತು. ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮು ಹಳೆಯ ವಸ್ತುವಿಗೆ ಚೂರು ಬದಲಾವಣೆ ಮಾಡಿದ ಮಾತ್ರಕ್ಕೆ ಹೊಸ ಹಕ್ಕು ಕೊಡಬಾರದೆನ್ನುತ್ತದೆ. 2013ರಲ್ಲಿ ನೊವಾರ್ಟಿಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. 2015ರ ಜನವರಿಯಲ್ಲಿ ಪೇಟೆಂಟ್ ಕಚೇರಿ ಅದೇ ಕಲಮಿನ ಮೇಲೆ ಗಿಲಿಯಡ್‌ನ ಅರ್ಜಿ ತಳ್ಳಿಹಾಕಿತು. ಅದೇ ತಿಂಗಳು ದೆಹಲಿ ಹೈಕೋರ್ಟ್ ಮರುವಿಚಾರಣೆಗೆ ಕಳಿಸಿತು. 2016ರ ಮೇ ತಿಂಗಳಲ್ಲಿ ಗಿಲಿಯಡ್‌ಗೆ ಪೇಟೆಂಟ್ ಸಿಕ್ಕಿತು. ಮೇಲ್ನೋಟಕ್ಕೆ ರೋಗಿಗಳು ಸೋತರು.

ಆದರೆ ಆ ತಕರಾರಿನ ಬಿಸಿ ತಟ್ಟಿಯೇ ಇತ್ತು. ಗಿಲಿಯಡ್ 2014ರ ಸೆಪ್ಟೆಂಬರಿನಲ್ಲಿ ಏಳು ಭಾರತೀಯ ತಯಾರಕರಿಗೆ ಪರವಾನಗಿ ಕೊಟ್ಟಿತು. ಅವುಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಒಂದು. ಮರುವರ್ಷ ಸೇರಿದವರಲ್ಲಿ ಬೆಂಗಳೂರಿನದೇ ಬಯೋಕಾನ್. 2015ರ ಮಾರ್ಚಿನಲ್ಲಿ ನ್ಯಾಟ್ಕೋ 28 ಗುಳಿಗೆಯ ಡಬ್ಬಿಯನ್ನು 19,900 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿತು. ಮೂರು ಡಬ್ಬಿಗೆ 60 ಸಾವಿರದ ಸುತ್ತು. ಅದೇ ವರ್ಷದ ಕೊನೆಗೆ ಜೊತೆ ಗುಳಿಗೆಯಾದ ಡಕ್ಲಾಟಾಸ್ವಿರ್‌ಗೂ ಪರವಾನಗಿ ಬಂತು. ಹಲವು ಕಂಪನಿಗಳು ಒಂದೇ ಗುಳಿಗೆ ಮಾಡತೊಡಗಿದ ಮೇಲೆ ಬೆಲೆ ಇಳಿಯುತ್ತಲೇ ಹೋಯಿತು. 50 ಲಕ್ಷದ ಮದ್ದು ಸರಕಾರಗಳು ಸಗಟಿನಲ್ಲಿ ಕೊಂಡಾಗ ಕೆಲವೇ ಸಾವಿರಕ್ಕೆ ಬಂತು.

ಸಗಟು ಕೊಂಡ ಮೊದಲ ರಾಜ್ಯಗಳಲ್ಲಿ ಪಂಜಾಬ್ ಒಂದು. ಅಲ್ಲಿ ಸೂಜಿಯ ಚಟವೂ ಇತ್ತು, ಊರ ಕಾಂಪೌಂಡರರ ತೊಳೆಯದ ಸಿರಿಂಜುಗಳೂ ಇದ್ದವು. 2016ರ ಜೂನಿನಲ್ಲಿ ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ಉಚಿತ ಚಿಕಿತ್ಸೆ ಶುರುವಾಯಿತು. ಚಂಡೀಗಢದ ಪಿಜಿಐ ಆಸ್ಪತ್ರೆಯ ಯಕೃತ್ತು ತಜ್ಞರು ರೋಗಿಗಳನ್ನೆಲ್ಲ ಚಂಡೀಗಢಕ್ಕೆ ಕರೆಸುವ ಬದಲು, 22 ಜಿಲ್ಲಾ ಆಸ್ಪತ್ರೆಗಳ ಸಾಮಾನ್ಯ ವೈದ್ಯರಿಗೆ ವಿಡಿಯೊ ಮೂಲಕ ಪಾಠ ಮಾಡಿ ಅವರ ಕೈಗೇ ಚಿಕಿತ್ಸೆ ಕೊಟ್ಟರು. ಆ ಯೋಜನೆಯ 48,088 ರೋಗಿಗಳ ಫಲಿತಾಂಶ 2019ರಲ್ಲಿ ಪ್ರಕಟವಾಯಿತು: ಗುಣವಾದವರು ಶೇಕಡ 91.6. ತಾಲ್ಲೂಕಿನ ವೈದ್ಯನೂ ಇದನ್ನು ಮಾಡಬಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

ಸೂಜಿ ಬಿಡದವರ ಮೇಲಿನ ಹಳೆಯ ಅನುಮಾನಕ್ಕೂ ಉತ್ತರ ಬಂತು. ಸಿಂಪ್ಲಿಫೈ ಎಂಬ ಅಧ್ಯಯನದಲ್ಲಿ ಇತ್ತೀಚೆಗಷ್ಟೇ ಚುಚ್ಚಿಕೊಂಡಿದ್ದ 103 ಮಂದಿಗೆ ಗುಳಿಗೆ ಕೊಟ್ಟರು. ಶೇಕಡ 94 ಮಂದಿ ಗುಣವಾದರು. ಬಿಟ್ಟವರಿಗೂ ಬಿಡದವರಿಗೂ ಗುಳಿಗೆ ಒಂದೇ ರೀತಿ ಕೆಲಸ ಮಾಡಿತ್ತು. ಭಾರತದಲ್ಲಿ ಕೊರತೆ ಇದ್ದದ್ದು ಗುಳಿಗೆಯದಲ್ಲ, ಅದನ್ನು ಕೊಡುವ ಕೈಯದು. ಚೆನ್ನೈನ ವೈಆರ್‌ಜಿ ಕೇರ್ ಮತ್ತು ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 15 ನಗರಗಳಲ್ಲಿ 14,481 ಸೂಜಿ ಬಳಸುವವರನ್ನು ಪರೀಕ್ಷಿಸಿದಾಗ ಶೇಕಡ 37.2 ಮಂದಿಯಲ್ಲಿ ಸಿ ಸೋಂಕಿನ ಗುರುತಿತ್ತು. ತಮಗೆ ಸೋಂಕಿದೆ ಎಂದು ಗೊತ್ತಿದ್ದವರು ಅವರಲ್ಲಿ ನೂರಕ್ಕೆ ಆರು ಮಂದಿಯೂ ಇರಲಿಲ್ಲ.

2018ರ ಜುಲೈ 28ರಂದು, ಬ್ಲಂಬರ್ಗ್ ಅವರ ಜನ್ಮದಿನವಾದ ವಿಶ್ವ ಹೆಪಟೈಟಿಸ್ ದಿನದಂದು, ಕೇಂದ್ರ ಸರಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಪರೀಕ್ಷೆಯೂ ಗುಳಿಗೆಯೂ ಉಚಿತ. ಉಚಿತ ಚಿಕಿತ್ಸೆಗಾಗಿ ವರ್ಷಗಟ್ಟಲೆ ಹೋರಾಡಿದ್ದ ಮಣಿಪುರದ ಕೋನ್ ಎಂಬ ಸಂಘಟನೆಯವರಿಗೆ ಅದು ಗೆದ್ದ ದಿನ. ಕಾರ್ಯಕ್ರಮದ ನಿಯಮಗಳಲ್ಲಿ ಸೂಜಿ ಬಳಸುವವರು ಹೊರಗಿನವರಲ್ಲ, ಮೊದಲು ಪರೀಕ್ಷಿಸಬೇಕಾದವರ ಪಟ್ಟಿಯಲ್ಲಿದ್ದಾರೆ. ಜೈಲಿನಲ್ಲಿರುವವರೂ ಇದ್ದಾರೆ, ಡಯಾಲಿಸಿಸ್ ರೋಗಿಗಳೂ ಇದ್ದಾರೆ. 1997ರ ನಿಯಮ ನಮ್ಮ ದೇಶದ ಕಾಗದದಲ್ಲಿ ತಲೆಕೆಳಗಾಯಿತು.

2019ರ ಫೆಬ್ರುವರಿಯಲ್ಲಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಹೊರಬಂತು. ದೇಶದಲ್ಲಿ ಸುಮಾರು 8.5 ಲಕ್ಷ ಮಂದಿ ಮಾದಕ ವಸ್ತು ಚುಚ್ಚಿಕೊಳ್ಳುತ್ತಾರೆ. ಹೆರಾಯಿನ್ ಚುಚ್ಚಿಕೊಳ್ಳುವವರಷ್ಟೇ ಜನ ಔಷಧಿ ಅಂಗಡಿಯ ನೋವುನಿವಾರಕಗಳನ್ನೂ ಚುಚ್ಚಿಕೊಳ್ಳುತ್ತಾರೆ, ಎರಡೂ ಶೇಕಡ 46. ಇಂಥವರ ಸಂಖ್ಯೆ ಹೆಚ್ಚಿರುವ ರಾಜ್ಯಗಳ ಪಟ್ಟಿಯಲ್ಲಿ ಪಂಜಾಬ್, ದೆಹಲಿ, ಮಣಿಪುರಗಳ ಜೊತೆ ಕರ್ನಾಟಕವೂ ಇತ್ತು, ಮಹಾರಾಷ್ಟ್ರವೂ ಇತ್ತು. ಈ ಎರಡು ರಾಜ್ಯಗಳ ಗಡಿಯ ಬಳಿ, ಗೋವೆಯ ದಾರಿಯಲ್ಲಿ ಕೂತ ಊರು ಬೆಳಗಾವಿ. ಸೂಜಿಯ ಕಾಯಿಲೆ ಈಶಾನ್ಯದವರದು, ಪಂಜಾಬಿಗಳದು ಎಂದು ನಾವು ಸುಮ್ಮನಿರುವಂತಿಲ್ಲ.

ಇಲ್ಲಿಯ ಚಿತ್ರ ಇಂಫಾಲದಂತೆ ಇರುವುದಿಲ್ಲ. ದೊಡ್ಡ ಪ್ರಮಾಣದ ಸೂಜಿ ಬಳಕೆ ಒಂದೇ ಓಣಿಯಲ್ಲಿ ಕಾಣುವ ಕಡೆ ಕೇಂದ್ರ ತೆರೆಯುವುದು ಸುಲಭ. ಚದುರಿ ಅಡಗಿದ ಕಡೆ ಹುಡುಕುವುದು ಕಷ್ಟ. ನೋವಿನ ಗುಳಿಗೆಯನ್ನು ನೀರಿನಲ್ಲಿ ಕರಗಿಸಿ ಚುಚ್ಚಿಕೊಳ್ಳುವ ಹುಡುಗ ತನ್ನನ್ನು ಹೆರಾಯಿನ್ ಚಟದವನೆಂದು ಎಣಿಸಿಕೊಳ್ಳುವುದೇ ಇಲ್ಲ. ಈಶಾನ್ಯದಲ್ಲಿ ಸ್ಪಾಸ್ಮೊಪ್ರಾಕ್ಸಿವಾನ್ ಕ್ಯಾಪ್ಸೂಲಿನ ಪುಡಿ ಚುಚ್ಚಿಕೊಂಡು ಕೈಕಾಲು ಕೊಳೆತವರನ್ನು ನೋಡಿದ ಮೇಲಾದರೂ ಗುಳಿಗೆಯ ಸೂಜಿ ಹೆರಾಯಿನ್ ಸೂಜಿಗಿಂತ ಸೌಮ್ಯವೆಂದು ಯಾರೂ ಹೇಳಲಾರರು.

ಖಾನಾಪುರದ ಕಷ್ಟ ಬೇರೆ. ತಾಲ್ಲೂಕು ಕೇಂದ್ರದಿಂದ ಬೆಳಗಾವಿಗೆ ರೈಲೂ ಬಸ್ಸೂ ಇವೆ, ದೂರ 26 ಕಿಲೋಮೀಟರಿನಷ್ಟೇ. ಆದರೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಭೀಮಗಡದ ಕಾಡೊಳಗಿನ ಹಳ್ಳಿಗಳ ಕಡೆ ಮಳೆಗಾಲದಲ್ಲಿ ರಸ್ತೆಯೇ ಇರುವುದಿಲ್ಲ. ಆಮಗಾಂವದಂಥ ಊರಿನಿಂದ ರೋಗಿಯನ್ನು ಬಿದಿರಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ತಂದದ್ದು ಹಳೆಯ ಕಾಲದ ಸುದ್ದಿಯಲ್ಲ. ಅಲ್ಲಿಂದ ಗೋವೆಗೆ, ಪುಣೆಗೆ, ಬೆಂಗಳೂರಿಗೆ ದುಡಿಯಲು ಹೋಗುವ ಹುಡುಗರು ಕಾಯಿಲೆ ಎಲ್ಲಿ ಹತ್ತಿಸಿಕೊಂಡರೂ ಮಲಗಲು ಬರುವುದು ಊರಿಗೇ. ಅವರಿಗೆ ಗುಳಿಗೆ ಉಚಿತವೆಂದು ಹೇಳಿದರೆ ಸಾಲದು. ವೈರಸ್ ಇದೆಯೇ ಎಂದು ಮೊದಲ ರಕ್ತಪರೀಕ್ಷೆ, ಇದ್ದರೆ ಎಷ್ಟಿದೆ ಎಂದು ಎರಡನೆಯದು, 12 ವಾರ ಗುಳಿಗೆ, ಅದು ಮುಗಿದು ಮತ್ತೆ 12 ವಾರಕ್ಕೆ ಗುಣವಾಯಿತೇ ಎಂಬ ಕೊನೆಯ ಪರೀಕ್ಷೆ. ಕಾಮಣಿಯೂ ಇಲ್ಲದ, ನೋವೂ ಇಲ್ಲದ ಕಾಯಿಲೆಗೆ ಕೂಲಿ ಬಿಟ್ಟು ಇಷ್ಟು ಸಲ ಬೆಳಗಾವಿಗೆ ಬಾ ಎಂದರೆ ಯಾರು ಬಂದಾರು? ಪಂಜಾಬಿನ ಜಿಲ್ಲಾ ವೈದ್ಯರು ಕಲಿತದ್ದನ್ನು ಖಾನಾಪುರದ ತಾಲ್ಲೂಕು ಆಸ್ಪತ್ರೆಯ ವೈದ್ಯರು ಕಲಿಯಲಾರದ್ದೇನೂ ಇಲ್ಲ. ರಕ್ತದ ಮಾದರಿ ಬಸ್ಸಿನಲ್ಲಿ ಬೆಳಗಾವಿಗೆ ಹೋಗಲಿ, ಮನುಷ್ಯ ಊರಲ್ಲೇ ಇರಲಿ.

ಹುಡುಕುವ ಕೆಲಸಕ್ಕೆ ಜಿಲ್ಲೆಯಲ್ಲಿ ಅಡಿಪಾಯ ಇದೆ. ಬಿಮ್ಸ್ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಎಚ್‌ಐವಿ ಔಷಧಿಗೆ ತಪ್ಪದೆ ಬರುವವರಿದ್ದಾರೆ. ಓಣಿಯ ಬಾಗಿಲು ಬಡಿದು ಗೊತ್ತಿರುವ ಪೀರ್ ಅಕ್ಕಂದಿರಿದ್ದಾರೆ. 1923ರಲ್ಲಿ ಕಟ್ಟಿದ ಹಿಂಡಲಗಾ ಕೇಂದ್ರ ಕಾರಾಗೃಹ ಇದೆ, ಮಾದಕ ವಸ್ತು ಪ್ರಕರಣದಲ್ಲಿ ಒಳಗೆ ಹೋದವನಿಗೆ ಪರೀಕ್ಷೆಯೂ 84 ಗುಳಿಗೆಯೂ ತಪ್ಪದೆ ಮುಟ್ಟಿಸಲು ಅದಕ್ಕಿಂತ ಸುಲಭದ ಜಾಗ ಬೇರೆ ಇಲ್ಲ. ಬಿಡಲು ಬಯಸುವವನಿಗೆ ಬುಪ್ರೆನಾರ್ಫಿನ್ ದಾರಿ ಇದೆ, ಅದರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಅನುಭವ ದೊಡ್ಡದು. ಮಾದಕ ವಸ್ತು ಕಾಯ್ದೆಯ 64ಎ ಕಲಮು, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಯನ್ನು ಸೇವನೆಯ ಮೊಕದ್ದಮೆಯಿಂದ ಕಾಪಾಡುತ್ತದೆ. ಈ ಮಾತನ್ನು ಠಾಣೆಯ ಪೇದೆಗೂ ಹುಡುಗನ ತಾಯಿಗೂ ಯಾರಾದರೂ ಕೂತು ತಿಳಿಹೇಳಬೇಕು. ಗುಣವಾದವನಿಗೆ ಮತ್ತೆ ಸೋಂಕು ತಗುಲಬಹುದು, ಆಗ ಮತ್ತೆ ಗುಳಿಗೆ ಕೊಡಬೇಕು, ಬೈಯಬಾರದು. ಮಲೇರಿಯಾ ಎರಡನೆಯ ಸಲ ಬಂದವನಿಗೆ ಯಾರೂ ಮದ್ದು ನಿರಾಕರಿಸಿಲ್ಲ.

ದೇಶ 2030ರೊಳಗೆ ಹೆಪಟೈಟಿಸ್ ಸಿ ನಿರ್ಮೂಲನೆ ಮಾಡುವುದಾಗಿ ಒಪ್ಪಿದೆ. ಮದ್ದು ಈಗ ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ ತಯಾರಾಗಿ ಜಗತ್ತಿಗೆ ಹೋಗುತ್ತದೆ. ಹಿಂಡಲಗಾದ ಬ್ಯಾರಕ್ಕಿಗೂ ಆಮಗಾಂವದ ಕಾಲುದಾರಿಗೂ ಅದು ಮೊದಲ ರಕ್ತಪರೀಕ್ಷೆಯ ಮೂಲಕ ಹೋಗಬೇಕು. ಆ ಪರೀಕ್ಷೆಯ ಕಿಟ್ ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಇರಬೇಕು, ಕೇಳಿ ಬಂದವನನ್ನು ‘ಬಿಟ್ಟಿದ್ದೀಯಾ?’ ಎಂದು ಕೇಳದೆ ತೋಳು ಚಾಚು ಎನ್ನುವವರು ಅಲ್ಲಿ ಕೂತಿರಬೇಕು.